ನಾಯಿಯ ಉಣ್ಣೆ, ಹೆಂಗಸರ ಆಸ್ತಿ

ನಮ್ಮ ಮುಂಬಯಿಯಲ್ಲಿ ಪೊಮೆರೇನಿಯನ್ ಸಾಕಿದವರ ಮನೆಯಲ್ಲಿ ಸೋಫಾ, ಸೀರೆ, ಚಾಪೆ ಎಲ್ಲೆಲ್ಲೂ ಕೂದಲು. ಅದನ್ನೇ ಬಾಚಿಟ್ಟುಕೊಂಡು ನೂಲು ತೆಗೆದು ಟೋಪಿ, ಮಫ್ಲರ್ ಹೆಣೆಯುವವರೂ ಇದ್ದಾರೆ ಎಂದು ಗೆಳತಿಯರಿಗೆ ಹೇಳಿದಾಗ "ಇಶ್ಶೀ!" ಎಂದವರೇ ಹೆಚ್ಚು. ಆದರೆ ನಾಯಿಯ ಉಣ್ಣೆ ಹೊಸ ಹುಚ್ಚಲ್ಲ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಇಂದಿನ ವಾಷಿಂಗ್ಟನ್ ರಾಜ್ಯ ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಕೋಸ್ಟ್ ಸೇಲಿಷ್ ಜನರು ಉಣ್ಣೆಗೆಂದೇ ನಾಯಿ ಸಾಕುತ್ತಿದ್ದರು. ಆ ನಾಯಿಗಳ ಒಡತಿಯರು ಹೆಂಗಸರು.

ಬೇಟೆನಾಯಿಗಳ ಜೊತೆ ಬೆರೆತು ತಳಿ ಕೆಡಬಾರದೆಂದು ಇವುಗಳನ್ನು ಸಣ್ಣ ದ್ವೀಪಗಳಲ್ಲೋ ದೊಡ್ಡಿಗಳಲ್ಲೋ ಬೇರೆಯಾಗಿಯೇ ಇಡುತ್ತಿದ್ದರು. ತಿನ್ನಲು ಸಾಲ್ಮನ್ ಮೀನು. 1792ರಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್, ಕುರಿಯಂತೆ ಬುಡದವರೆಗೆ ಉಣ್ಣೆ ಕತ್ತರಿಸಿದ ನಾಯಿಗಳನ್ನು ಕಂಡ. ಪೊಮೆರೇನಿಯನ್‌ಗೇ ಹೋಲಿಸಿದ, ಗಾತ್ರ ಮಾತ್ರ ದೊಡ್ಡದು ಎಂದ. ಕತ್ತರಿಸಿದ ಉಣ್ಣೆ ಎಷ್ಟು ದಟ್ಟವೆಂದರೆ ಒಂದು ಮೂಲೆ ಹಿಡಿದೆತ್ತಿದರೆ ದೊಡ್ಡ ತುಂಡೇ ಬಿಡಿಯಾಗದೆ ಮೇಲೇಳುತ್ತಿತ್ತಂತೆ.

ಜಿಡ್ಡು ತೆಗೆಯಲು ಅದಕ್ಕೆ ಬಿಳಿ ಮಣ್ಣು ಹಾಕಿ ಬಡಿಯುತ್ತಿದ್ದರು. ನಾಯಿಕೂದಲಿಗೆ ಕುರಿ ಉಣ್ಣೆಯ ಸುರುಳಿ, ಹಿಗ್ಗುವ ಗುಣ ಕಡಿಮೆ. ಅದಕ್ಕೆ ಕಾಡುಬೆಟ್ಟದ ಮೇಕೆಯ ಉಣ್ಣೆ, ಗಿಡಗಳ ಅರಳೆ ಬೆರೆಸಿ, ದೊಡ್ಡ ಕದಿರಿನಲ್ಲಿ ನೂತು ಕಂಬಳಿ ನೇಯುತ್ತಿದ್ದರು. ನಮ್ಮ ಚಳ್ಳಕೆರೆ ಕಡೆ ಹೆಂಗಸರು ನೂತರೆ ಗಂಡಸರು ಕಂಬಳಿ ನೇಯುವುದು ರೂಢಿ. ಅಲ್ಲಿ ನಾಯಿ, ನೂಲು, ನೇಯ್ಗೆ ಮೂರೂ ಹೆಂಗಸರ ಕೈಯಲ್ಲಿ. ಸಮಾರಂಭಗಳಲ್ಲಿ ಉಡುಗೊರೆ ಕೊಡಲು ಈ ಕಂಬಳಿಯೇ ಬೇಕು. ಕಂಬಳಿಯಿದ್ದವಳು ಸಿರಿವಂತೆ.

ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಈ ತಳಿ ಹೆಚ್ಚುಕಡಿಮೆ ಇಲ್ಲವಾಯಿತು. ಅಗ್ಗದ ಗಿರಣಿ ಕಂಬಳಿ ಬಂತು, ನಾಯಿ ಬೇಡವಾಯಿತು ಎಂಬುದು ಪುಸ್ತಕಗಳ ಸುಲಭದ ಉತ್ತರ. ನನಗದು ಒಪ್ಪಿಗೆಯಿಲ್ಲ. ಗಿರಣಿ ಸೀರೆ ಬಂತೆಂದು ಇಳಕಲ್ ಸೀರೆಯನ್ನು ನಾವು ಬಿಟ್ಟೆವೇ? ಸಿಡುಬು ಊರೂರನ್ನೇ ಖಾಲಿ ಮಾಡಿತು. ಕಂಬಳಿ ಹಂಚುತ್ತಿದ್ದ ಪಾಟ್‌ಲ್ಯಾಚ್ ಸಮಾರಂಭವನ್ನು ಕೆನಡಾ 1885ರಿಂದ 1951ರವರೆಗೆ ಕಾನೂನಿನಿಂದಲೇ ನಿಷೇಧಿಸಿತ್ತು. ಮಕ್ಕಳನ್ನು ವಸತಿಶಾಲೆಗಳಿಗೆ ಒಯ್ದರು. ಅಜ್ಜಿ ಯಾರಿಗೆ ಕಲಿಸಬೇಕು?

ಉಳಿದದ್ದು ಒಂದು ಚರ್ಮ. 1859ರಲ್ಲಿ ಸತ್ತ "ಮಟನ್" ಎಂಬ ನಾಯಿಯದು. (ಹೆಸರು ಕೇಳಿ ನಗಬೇಡಿ!) ಅದರ ಒಡೆಯ ಜಾರ್ಜ್ ಗಿಬ್ಸ್ ಸರ್ವೆ ತಂಡದಲ್ಲಿದ್ದವನು. ಚರ್ಮ ಸ್ಮಿತ್ಸೋನಿಯನ್ ಸಂಗ್ರಹಾಲಯ ಸೇರಿತು. 2023ರಲ್ಲಿ ವಿಜ್ಞಾನಿಗಳು ಅದರ ಡಿಎನ್‌ಎ ಓದಿದರು, ಸೇಲಿಷ್ ಹಿರಿಯರನ್ನೂ ಕೇಳಿದರು. ಈ ತಳಿ ಸುಮಾರು 5,000 ವರ್ಷಗಳ ಹಿಂದೆಯೇ ಬೇರೆ ನಾಯಿಗಳಿಂದ ಕವಲೊಡೆದಿರಬಹುದಂತೆ. ಯುರೋಪಿನ ನಾಯಿಗಳು ಬಂದು ದಶಕಗಳಾಗಿದ್ದರೂ ಮಟನ್‌ನ ವಂಶದಲ್ಲಿ ಹಳೆಯ ತಳಿಯ ಪಾಲೇ ಬಹುಪಾಲು. ಅಷ್ಟು ಕಾಲ ಆ ತಳಿಯನ್ನು ಕಾಯ್ದುಕೊಂಡವರು ಆ ಹೆಂಗಸರೇ.

ವ್ಯಾಂಕೂವರ್ ನಗರದ ಬಳಿಯ ಮಸ್ಕ್ವಿಯಮ್ ಹೆಂಗಸರು 1980ರ ದಶಕದಲ್ಲಿ ಸೇಲಿಷ್ ನೇಯ್ಗೆಯನ್ನು ಮತ್ತೆ ಕಲಿಯತೊಡಗಿದರು. ಅವರ ಮಗ್ಗದ ಮೇಲೆ ಈಗಿರುವುದು ಕುರಿಯ ಉಣ್ಣೆ.