ಲಂಡನ್ನಿನಿಂದ ಬ್ರೈಟನ್ನಿಗೆ: ಹಳೆಯ ಮೋಟಾರುಗಳ ಜಾತ್ರೆ

ನವೆಂಬರ್ ತಿಂಗಳೆಂದರೆ ಮುಂಬಯಿಯಲ್ಲಿ ನೆಲೆಸಿರುವ ನಮಗೆ ರಾಜ್ಯೋತ್ಸವದ ಸಡಗರ. ಅದೇ ತಿಂಗಳ ಮೊದಲನೆಯ ಭಾನುವಾರ ಇಂಗ್ಲೆಂಡಿನಲ್ಲಿಯೂ ಒಂದು ಜಾತ್ರೆ ನಡೆಯುತ್ತದೆ. ಅಲ್ಲಿ ತೇರಿನ ಬದಲು ಹೊರಡುವುವು 1905ಕ್ಕೆ ಮುಂಚೆ ತಯಾರಾದ ಮೋಟಾರು ಗಾಡಿಗಳು. ಸೂರ್ಯೋದಯದ ಹೊತ್ತಿಗೆ ಲಂಡನ್ನಿನ ಹೈಡ್ ಪಾರ್ಕಿನಿಂದ ಹೊರಟು, ಸುಮಾರು 60 ಮೈಲಿ ದೂರದ ಬ್ರೈಟನ್ ಎಂಬ ಕಡಲತೀರದ ಊರನ್ನು ಅವು ಸೇರಬೇಕು. ಗಾಡಿಯ ಒಡೆಯರು ಅಜ್ಜನ ಕಾಲದ ಕೋಟು, ಟೊಪ್ಪಿಗೆ ಧರಿಸಿ ಚಳಿಯಲ್ಲಿ ನಡುಗುತ್ತ ಹೋಗುತ್ತಾರೆ. ದಾರಿಯ ಇಕ್ಕೆಲದಲ್ಲಿಯೂ ಜನ ನಿಂತು ನೋಡುತ್ತಾರೆ.

ಈ ಉತ್ಸವದ ಹುಟ್ಟಿನ ಹಿಂದೆ ಷೇರುಪೇಟೆಯ ಕಥೆಯೊಂದಿದೆ. ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡುವ ಕಸುಬಿನವನಾದ ನನಗೆ ಗಾಡಿಗಳಿಗಿಂತ ಆ ಕಥೆಯೇ ಹೆಚ್ಚು ರುಚಿಸಿತು. ವಾಚಕರಿಗೂ ರುಚಿಸೀತೆಂದು ನಂಬಿದ್ದೇನೆ.

ಮೊದಲು ಕಾನೂನಿನ ಮಾತು. 1865ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಶಾಸನ ಮಾಡಿತು. ಆಗ ರಸ್ತೆಯ ಮೇಲೆ ಓಡುತ್ತಿದ್ದುದು ಭಾರವಾದ ಹಬೆಯಂತ್ರಗಳು. ಅವು ಊರ ಹೊರಗೆ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿಗಿಂತ ವೇಗವಾಗಿ ಹೋಗಕೂಡದು; ಮೂವರು ಆಳುಗಳಿರಬೇಕು; ಒಬ್ಬನು ಕೆಂಪು ಬಾವುಟ ಹಿಡಿದು 60 ಗಜ ಮುಂದೆ ನಡೆಯಬೇಕು. ನಮ್ಮ ಎತ್ತಿನ ಗಾಡಿಯವನು ಇದನ್ನು ಕಂಡಿದ್ದರೆ ನಗುತ್ತಿದ್ದ! 1878ರಲ್ಲಿ ಬಾವುಟದ ಕಡ್ಡಾಯ ಹೋಯಿತು, 60 ಗಜ 20 ಆಯಿತು. ಆದರೆ ಮುಂದೆ ನಡೆಯುವ ಮನುಷ್ಯ ಮಾತ್ರ ಉಳಿದ. ಜರ್ಮನಿಯಲ್ಲಿಯೂ ಫ್ರಾನ್ಸಿನಲ್ಲಿಯೂ ಪೆಟ್ರೋಲ್ ಗಾಡಿಗಳು ಬಂದ ಮೇಲೂ ಇಂಗ್ಲೆಂಡಿನಲ್ಲಿ ಅವನ್ನು ಇದೇ ಶಾಸನದ ಕೆಳಗೆ ಹಾಕಿದ್ದರು.

ಇದನ್ನು ತೊಡೆಯಲು ಪ್ರಾಮಾಣಿಕವಾಗಿ ದುಡಿದವರಲ್ಲಿ ಸರ್ ಡೇವಿಡ್ ಸಾಲೊಮನ್ಸ್ ಮುಖ್ಯರು. ಅವರು 1895ರ ಅಕ್ಟೋಬರಿನಲ್ಲಿ ಟನ್‌ಬ್ರಿಜ್ ವೆಲ್ಸ್ ಎಂಬ ತಮ್ಮ ಊರಿನಲ್ಲಿ ಬ್ರಿಟನ್ನಿನ ಮೊಟ್ಟಮೊದಲ ಮೋಟಾರು ಪ್ರದರ್ಶನ ಏರ್ಪಡಿಸಿದರು. ಬಂದ ಗಾಡಿಗಳು ಬೆರಳೆಣಿಕೆಯಷ್ಟು. ಆದರೂ ಜನ ಕಿಕ್ಕಿರಿದು ಬಂದರು.

ಇನ್ನೊಬ್ಬನು ಹ್ಯಾರಿ ಲಾಸನ್. ಬೈಸಿಕಲ್ ವ್ಯಾಪಾರದಲ್ಲಿ ಪಳಗಿದವನು. ಹಿಂದಿನ ಚಕ್ರಕ್ಕೆ ಸರಪಳಿ ಹಾಕಿದ ಬೈಸಿಕಲ್ಲನ್ನು 1879ರಲ್ಲಿಯೇ ರೂಪಿಸಿದ್ದ ಬುದ್ಧಿವಂತ. ಆದರೆ ಅವನ ನಿಜವಾದ ಯಂತ್ರ ಕಾಗದದ ಯಂತ್ರ. ಮೋಟಾರಿಗೆ ಸಂಬಂಧಿಸಿದ ಪೇಟೆಂಟುಗಳನ್ನೆಲ್ಲ ಕೊಂಡುಹಾಕಿ, ಈ ದೇಶದಲ್ಲಿ ಯಾರು ಗಾಡಿ ಮಾಡಿದರೂ ತನಗೇ ಕಪ್ಪ ಕೊಡಬೇಕೆಂಬುದು ಅವನ ಹಂಚಿಕೆ. 1896ರ ಆರಂಭದಲ್ಲಿ ಡೈಮ್ಲರ್ ಕಂಪನಿಯನ್ನು ಒಂದು ಲಕ್ಷ ಪೌಂಡು ಬಂಡವಾಳದಿಂದ ತೇಲಿಬಿಟ್ಟ. ಅದೇ ವರ್ಷ ಮೇ ತಿಂಗಳಲ್ಲಿ 'ಗ್ರೇಟ್ ಹಾರ್ಸ್‌ಲೆಸ್ ಕ್ಯಾರಿಯೇಜ್ ಕಂಪನಿ' ಎಂಬ ಇನ್ನೊಂದು. ಅದರ ಬಂಡವಾಳ ಏಳೂವರೆ ಲಕ್ಷ ಪೌಂಡು. ಡೈಮ್ಲರ್ ಕಾರ್ಖಾನೆಯಿಂದ ಮೊದಲ ಗಾಡಿ ಹೊರಬಂದದ್ದೋ 1897ರಲ್ಲಿ! ಸರಕಿಲ್ಲದೆ ಅಂಗಡಿ ತೆರೆದು ಷೇರುದಾರರ ಮೂಗಿಗೆ ತುಪ್ಪ ಸವರುವ ಈ ವಿದ್ಯೆ ನಮ್ಮ ಕಾಲದ್ದೇ ಎಂದುಕೊಂಡವರು ಇದನ್ನು ಗಮನಿಸಬೇಕು.

ಹೊಸ ಶಾಸನ 1896ರ ನವೆಂಬರ್ 14, ಶನಿವಾರ ಜಾರಿಗೆ ಬಂದಿತು. ಮುಂದೆ ನಡೆಯುವ ಮನುಷ್ಯ ಹೋದ; ವೇಗ ಗಂಟೆಗೆ 14 ಮೈಲಿಯವರೆಗೆ ಏರಿತು, ಅಧಿಕಾರಿಗಳು ಅದನ್ನು 12ಕ್ಕೆ ಇಳಿಸಿದರು. ಅಂದೇ ಲಾಸನ್ ತನ್ನ ಮೋಟಾರು ಕ್ಲಬ್ಬಿನ ಹೆಸರಿನಲ್ಲಿ 'ವಿಮೋಚನೆಯ ಓಟ'ವನ್ನು ಸಾರಿದ. ಬೆಳಗಿನ ಉಪಾಹಾರದ ವೇಳೆ ವಿಂಚಿಲ್ಸೀಯ ಅರ್ಲ್ ಮಹಾಶಯರು ಕೆಂಪು ಬಾವುಟವೊಂದನ್ನು ಹರಿದು ಹಾಕಿದರು. ಹದಿನೆಂಟು ವರ್ಷಗಳ ಹಿಂದೆಯೇ ಕಡ್ಡಾಯ ತಪ್ಪಿದ್ದ ಬಾವುಟ ಅದು. ಜಾಹೀರಾತಿಗೆ ಅಷ್ಟು ಸಾಲದೆ?

ಮಳೆ ಗಾಳಿಯಲ್ಲಿ, ಕೆಸರು ದಾರಿಯಲ್ಲಿ ಮೂವತ್ತಕ್ಕೆ ಮೇಲ್ಪಟ್ಟು ಗಾಡಿಗಳು ಹೊರಟವು. ಎಷ್ಟು ತಲುಪಿದವು? ಒಬ್ಬರು 17 ಎನ್ನುತ್ತಾರೆ, ಇನ್ನೊಬ್ಬರ ಲೆಕ್ಕ ಬೇರೆ. ಒಂದು ಗಾಡಿಯನ್ನಂತೂ ರೈಲಿನಲ್ಲಿ ಸಾಗಿಸಿ, ಬ್ರೈಟನ್ನಿನಲ್ಲಿ ಇಳಿಸಿ, ಮೈಗೆ ಕೆಸರು ಬಳಿದು, ರಸ್ತೆಯಲ್ಲಿಯೇ ಬಂದಂತೆ ತೋರಿಸಿದರೆಂಬ ಮಾತು ಇಂದಿಗೂ ಉಳಿದಿದೆ. ಕೈ ಕೆಸರಾದರೆ ಬಾಯಿ ಮೊಸರೆಂಬುದು ನಮ್ಮ ಗಾದೆ. ಕೈ ಕೆಸರಾಗದೆ ಗಾಡಿಗೆ ಕೆಸರು ಹಚ್ಚಿ ಮೊಸರು ಬಯಸಿದವರು ಇವರು. ಆ ಮಾತು ನಿಜವಿರಲಿ ಸುಳ್ಳಿರಲಿ, ಜನ ನಂಬುವಂತಹ ಸಂಘಟಕ ಅವನೆಂಬುದೇ ಸಾಕು. ಲಾಸನ್ನನ ಪೇಟೆಂಟು ಸಾಮ್ರಾಜ್ಯ ಕೆಲವೇ ವರ್ಷಗಳಲ್ಲಿ ಕುಸಿಯಿತು. 1904ರಲ್ಲಿ, ಬೇರೊಂದು ಕಂಪನಿಯ ಷೇರುದಾರರಿಗೆ ವಂಚನೆ ಮಾಡಿದ ಮೊಕದ್ದಮೆಯಲ್ಲಿ, ಅವನಿಗೆ ಒಂದು ವರ್ಷ ಕಠಿಣ ಶಿಕ್ಷೆಯಾಯಿತು. 1925ರಲ್ಲಿ ಅವನು ತೀರಿಕೊಂಡ.

ಎರಡು ವರ್ಷ ಕಳೆದು, 1927ರಲ್ಲಿ, ಡೈಲಿ ಸ್ಕೆಚ್ ಪತ್ರಿಕೆ ಹಳೆಯ ಗಾಡಿಗಳನ್ನು ಕೂಡಿಸಿ ಅದೇ ದಾರಿಯಲ್ಲಿ ಓಡಿಸಿತು. ಮುದಿ ಗಾಡಿಗಳ ತಮಾಷೆ ನೋಡಲು ಜನ ಬಂದರು. 1930ರಿಂದ ರಾಯಲ್ ಆಟೋಮೊಬೈಲ್ ಕ್ಲಬ್ ಹೊಣೆ ಹೊತ್ತಿತು. ಅದೇ ವರ್ಷದ ಓಟ ಮುಗಿದ ಮೇಲೆ ಬ್ರೈಟನ್ನಿನ ಒಂದು ಹೋಟೆಲಿನಲ್ಲಿ ಗಾಡಿಪ್ರಿಯರು ಸೇರಿ ವೆಟರನ್ ಕಾರ್ ಕ್ಲಬ್ಬನ್ನು ಸ್ಥಾಪಿಸಿದರು. ಮಹಾಯುದ್ಧದ ಕಾಲದಲ್ಲಿ ಓಟ ನಿಂತಿತು. 1947ರಲ್ಲಿ ಪೆಟ್ರೋಲಿನ ಪಡಿತರದಿಂದಾಗಿ ನಡೆಯಲಿಲ್ಲ. 1953ರಲ್ಲಿ ಈ ಓಟವನ್ನೇ ಕಥೆಯಾಗಿಸಿದ 'ಜೆನೆವೀವ್' ಎಂಬ ಚಲಚ್ಚಿತ್ರ ಬಂದ ಮೇಲೆ, ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಗಾಡಿಗಳಿಗೂ ಬೆಲೆ ಬಂದಿತು.

ಬೆಲೆ ಬಂದಲ್ಲಿ ಬಣ್ಣದ ಮಾತೂ ಬರುತ್ತದೆ. ಆದ್ದರಿಂದಲೇ ವೆಟರನ್ ಕ್ಲಬ್ಬಿನವರು ಮಾಡುವ ಕಾಲನಿರ್ಣಯದ ಕೆಲಸ ನನಗೆ ಅತ್ಯಂತ ಮೆಚ್ಚುಗೆಯಾದದ್ದು. ಎಂಜಿನ್ನಿನ ಸಂಖ್ಯೆ, ಅಡಿಗಟ್ಟು, ಬಿಡಿಭಾಗಗಳು, ತಯಾರಕರ ಹಳೆಯ ಪಟ್ಟಿಗಳು, ಎಲ್ಲವನ್ನೂ ತಾಳೆ ನೋಡಿ 'ಇದು ಇಂಥ ವರ್ಷದ್ದು' ಎಂದು ಬರೆದುಕೊಡುತ್ತಾರೆ. 1904ರ ಗಾಡಿಗೆ ಪ್ರವೇಶವುಂಟು, 1905ರದಕ್ಕಿಲ್ಲ. ಲೆಕ್ಕಪರಿಶೋಧಕನೂ ತಲೆದೂಗಬೇಕಾದ ಶಿಸ್ತು! ಓಟವೆಂದರೂ ಪಂದ್ಯವಲ್ಲ, ಸರಾಸರಿ ವೇಗ ಗಂಟೆಗೆ 20 ಮೈಲಿ ಮೀರಕೂಡದು. ಮೊದಲನೆಯವನೂ ಇಲ್ಲ, ಕೊನೆಯವನೂ ಇಲ್ಲ. ಸಂಜೆ ನಾಲ್ಕೂವರೆಯೊಳಗೆ ತಲುಪಿದವರಿಗೆಲ್ಲ ಒಂದೇ ಪದಕ. ಹೊರಡುವ ಮುನ್ನ ಬಾವುಟ ಹರಿಯುವ ಆಚಾರವನ್ನು ಮಾತ್ರ ಲಾಸನ್ನನ ಕಾಲದಿಂದ ಉಳಿಸಿಕೊಂಡಿದ್ದಾರೆ.

ನಮ್ಮ ದೇಶದಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ದೆಹಲಿಯಲ್ಲಿ ಇಂತಹ ರ್‍ಯಾಲಿಯನ್ನು ಆರಂಭಿಸಿತು. ಧರ್ಮಸ್ಥಳಕ್ಕೆ ಹೋದವರು ಅಲ್ಲಿಯ ಹಳೆಯ ಕಾರುಗಳ ಸಂಗ್ರಹವನ್ನು ನೋಡಿಯೇ ಇರುತ್ತೀರಿ. 2021ರಲ್ಲಿ ಕೇಂದ್ರ ಸರಕಾರವೂ ನಿಯಮ ಮಾಡಿತು: 50 ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಗೆ 'ವಿ ಎ' ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿ, ಶುಲ್ಕ 20,000 ರೂಪಾಯಿ. ಪ್ರದರ್ಶನ, ರ್‍ಯಾಲಿಗಳಿಗೆ ಅದನ್ನು ರಸ್ತೆಗಿಳಿಸಬಹುದು. ದಿನಬಳಕೆಗೂ ಬಾಡಿಗೆಗೂ ಸಲ್ಲದು.

ಇಲ್ಲಿ ಮುಂಬಯಿಯವರಿಗೆ ಒಂದು ವಿಷಯ ನೆನಪಾಗದೆ ಇರದು. ಊರಿನಿಂದ ಬಂದಿಳಿದ ನಮ್ಮ ಹಿರಿಯರನ್ನು ಟ್ರಂಕು ಹಾಸಿಗೆಗಳ ಸಮೇತ ಮನೆ ಮುಟ್ಟಿಸಿದ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಯಲ್ಲಿ ನಿಂತುಹೋದವು. ಈ ನಗರದಲ್ಲಿ ಟ್ಯಾಕ್ಸಿಯ ಆಯುಷ್ಯಕ್ಕೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಮಹಾರಾಜರ ರೋಲ್ಸ್ ರಾಯ್ಸ್ ಅರಮನೆಯ ಮೋಟಾರುಖಾನೆಯಲ್ಲಿ ನಿಂತೇ ಐವತ್ತು ದಾಟುತ್ತದೆ. ಇಪ್ಪತ್ತಕ್ಕೆ ರಸ್ತೆಯಿಂದ ಇಳಿದ ಟ್ಯಾಕ್ಸಿ ಐವತ್ತನ್ನು ಮುಟ್ಟಬೇಕಾದರೆ, ಇನ್ನೂ ಮೂವತ್ತು ವರ್ಷ ಯಾರಾದರೊಬ್ಬರು ಅದನ್ನು ಗುಜರಿಯವನಿಗೆ ಹಾಕದೆ ಇಟ್ಟುಕೊಳ್ಳಬೇಕು. ಆ ಕೊನೆಯ ಗಾಡಿಗೆ ಐವತ್ತು ತುಂಬುವುದು 2053ರಲ್ಲಿ.