ಬಾಗ್ದಾದಿನ ಗ್ರಂಥನಾಶವೂ ಒಬ್ಬ ದೇಶಾಂತರಿ ಕಲಾವಿದನೂ

1258ರಲ್ಲಿ ಹುಲಾಗುವಿನ ಮಂಗೋಲ ಸೇನೆ ಅಬ್ಬಾಸೀ ಖಲೀಫರ ರಾಜಧಾನಿಯಾದ ಬಾಗ್ದಾದನ್ನು ಹೊಕ್ಕು ಕೊಳ್ಳೆಹೊಡೆದಾಗ, ಶತಮಾನಗಳ ಕಾಲ ಲಿಪಿಕಾರರೂ ಭಾಷಾಂತರಕಾರರೂ ಸಂಚಯಿಸಿದ್ದ ಗ್ರಂಥರಾಶಿಯನ್ನು ಟೈಗ್ರಿಸ್ ನದಿಗೆ ಎಸೆದರೆಂದೂ, ಮಸಿ ಕರಗಿ ಏಳು ಹಗಲು ಏಳು ಇರುಳು ನೀರು ಕಪ್ಪಾಗಿ ಹರಿಯಿತೆಂದೂ ಐತಿಹ್ಯವುಂಟು. ಅದರಲ್ಲಿ ಅತಿಶಯೋಕ್ತಿ ಎಷ್ಟೇ ಇರಲಿ, ವಿದ್ಯೆಯಿಂದ ಹೆಸರಾದ ಆ ನಗರವು ತನ್ನ ದುಃಖವನ್ನು ಮಡಿದ ಜನರೊಡನೆ ಅಳಿದ ಅಕ್ಷರಗಳಿಂದಲೂ ಅಳೆದುಕೊಂಡಿತೆಂಬುದು ಗಮನಾರ್ಹ. 2003ರ ಯುದ್ಧಕಾಲದಲ್ಲಿ ಅದೇ ಊರಿನ ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜಿನ ಗ್ರಂಥಾಲಯಕ್ಕೆ ಲೂಟಿಕೋರರು ಬೆಂಕಿಯಿಟ್ಟರು; ಸುಮಾರು 70,000 ಪುಸ್ತಕಗಳು ನಾಶವಾದವು.

ಈ ನಷ್ಟವನ್ನು ತುಂಬಿಕೊಡಲು ಮುಂದಾದವರು ಕಲಾವಿದ ವಫಾ ಬಿಲಾಲ್. 1966ರಲ್ಲಿ ಇರಾಕಿನಲ್ಲಿ ಹುಟ್ಟಿ, ಸದ್ದಾಮ್ ಹುಸೇನನ ಆಳ್ವಿಕೆಗೆ ಎದುರು ನಿಂತು, 1991ರಲ್ಲಿ ದೇಶ ತೊರೆದು, ಸೌದಿ ಅರೇಬಿಯದ ನಿರಾಶ್ರಿತರ ಶಿಬಿರದಲ್ಲಿ ದಿನ ನೂಕಿ, ಕೊನೆಗೆ ಅಮೆರಿಕವನ್ನು ಸೇರಿದವರು ಅವರು. 2016ರಲ್ಲಿ ಕೆನಡಾದ ವಿಂಡ್ಸರಿನ ಕಲಾ ಗ್ಯಾಲರಿಯಲ್ಲಿ ಅವರೊಂದು ಗ್ರಂಥಾಲಯವನ್ನು ಹೂಡಿದರು: ಬಿಳಿಯ ಕಪಾಟುಗಳ ತುಂಬ, ಹೊರಗೆ ಹೆಸರಿಲ್ಲದ, ಒಳಗೆ ಅಕ್ಷರವಿಲ್ಲದ ಬಿಳಿಯ ಪುಸ್ತಕಗಳು. ಬಾಗ್ದಾದಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೊಟ್ಟ ಪಟ್ಟಿಯಲ್ಲಿನ ಒಂದು ಪುಸ್ತಕದ ಬೆಲೆಯನ್ನು ಯಾರಾದರೂ ತೆತ್ತರೆ, ಅದು ಬಂದು ಖಾಲಿ ಪುಸ್ತಕದ ಜಾಗದಲ್ಲಿ ನಿಲ್ಲುವುದು, ಖಾಲಿಯದು ದಾನಿಯ ಮನೆಗೆ ಹೋಗುವುದು. ಪ್ರದರ್ಶನ ಮುಗಿದ ಬಳಿಕ ಓದುವ ಪುಸ್ತಕಗಳೆಲ್ಲ ಬಾಗ್ದಾದಿಗೆ. ಕೃತಿಯ ಹೆಸರು ‘168:01’. ಏಳು ದಿನಗಳ ಗಂಟೆಗಳು ಕಳೆದು, ಮಸಿ ಹರಿದು ಮುಗಿದ ಮೇಲಿನ ಮೊದಲ ನಿಮಿಷ.

ಇದಕ್ಕಿಂತಲೂ ಮರ್ಮಸ್ಪರ್ಶಿಯೆಂದು ನನಗೆ ತೋರುವುದು ಅವರ 2010ರ ಕೃತಿ. ಬಿಟ್ಟುಬಂದ ಊರು, ಮನೆ, ಹಾದಿಗಳನ್ನು ತಿರುಗಿ ನೋಡಿ ಮನದಲ್ಲಿರಿಸಿಕೊಳ್ಳಲು ವ್ಯವಧಾನವೇ ದೊರೆಯದಿದ್ದ ಈ ಮನುಷ್ಯ, ಹಿಂದಲೆಯ ಚರ್ಮದಡಿಯಲ್ಲಿ ಟೈಟೇನಿಯಮ್ ತಗಡನ್ನು ಹುದುಗಿಸಿ, ಅದಕ್ಕೆ ಕ್ಯಾಮೆರಾವೊಂದನ್ನು ಜೋಡಿಸಿಕೊಂಡರು. ಅದು ನಿಮಿಷಕ್ಕೊಂದರಂತೆ ಬೆನ್ನ ಹಿಂದಣ ನೋಟವನ್ನು ಹಿಡಿದು, ಇಂಟರ್ನೆಟ್ಟಿನ ಮೂಲಕ ಕತಾರಿನ ದೋಹಾ ನಗರದ ಮ್ಯೂಸಿಯಮ್ಮಿಗೆ ಕಳುಹಿಸುತ್ತಿತ್ತು. ದೇಶಾಂತರಿಯಾದವನು ದಿನದಿನವೂ ಕಳೆದುಕೊಳ್ಳುವುದು ಬೆನ್ನ ಹಿಂದೆ ಉಳಿದುದನ್ನೇ ತಾನೆ? ಅದನ್ನು ಚೆಲುವು ನೋಡದೆ, ಆಯ್ಕೆ ಮಾಡದೆ, ಇದ್ದುದು ಇದ್ದಂತೆಯೇ ಕೂಡಿಡಬೇಕೆಂಬ ಹಂಬಲದಲ್ಲಿ ವಿಯೋಗದ ತೀವ್ರತೆಯನ್ನೇ ನಾನು ಕಾಣುತ್ತೇನೆ. ಶರೀರವಾದರೋ ಒಪ್ಪಲಿಲ್ಲ. ಕ್ಯಾಮೆರಾ ಹೊತ್ತಿದ್ದ ಮೂರು ಮೊಳೆಗಳಲ್ಲಿ ಒಂದರ ನೋವು ತಡೆಯಲಾಗದೆ 2011ರ ಫೆಬ್ರವರಿಯಲ್ಲಿ ಅದನ್ನು ತೆಗೆಸಬೇಕಾಯಿತು. ಬಿಲಾಲರು ಕ್ಯಾಮೆರಾವನ್ನು ಕತ್ತಿನ ಹಿಂಬದಿಗೆ ಕಟ್ಟಿಕೊಂಡು ಕೆಲಸ ಮುಂದುವರಿಸಿದರು.