ಹುಳುಕು ಹಲ್ಲು ಮತ್ತು ನಮ್ಮೂರ ನೀರು

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಷಿಕಾಗೊ, ಡೆಟ್ರಾಯಿಟ್ ಕಡೆಯ ಕನ್ನಡಿಗರಾದ ನಮಗೆ ಕಡಲೆಗೇನೂ ಕೊರತೆಯಿಲ್ಲ. ಆದರೆ ಹಲ್ಲನ್ನು ಉಳಿಸಿಕೊಳ್ಳುವ ವಿದ್ಯೆಯ ಒಂದು ಮುಖ್ಯ ಅಧ್ಯಾಯ ನಾವು ಮನೆಮಾಡಿಕೊಂಡಿರುವ ಊರುಗಳಲ್ಲೇ ನಡೆಯಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಹಲ್ಲಿನೊಳಗೆ ಹುಳ ಹೊಕ್ಕಿದೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅದು ಕಣ್ಣಿಗೆ ಕಾಣುವ ಹುಳವಲ್ಲ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲಿನ ಹೊರಕವಚದ ಖನಿಜವನ್ನು ಕರಗಿಸುತ್ತದೆ. ಜೊಲ್ಲು ಅದನ್ನು ಮೆಲ್ಲಗೆ ಮತ್ತೆ ತುಂಬುತ್ತದೆ. ಈ ದುರಸ್ತಿಗೆ ನೆರವಾಗುವುದೇ ಫ್ಲೋರೈಡ್.

ಇದು ತಿಳಿದದ್ದು ಕಲೆಗಟ್ಟಿದ ಹಲ್ಲುಗಳಿಂದ. ಕೊಲರಾಡೊ ಸ್ಪ್ರಿಂಗ್ಸ್‌ನ ಮಕ್ಕಳ ಹಲ್ಲಿನ ಕಂದು ಕಲೆಯನ್ನು ಕಂಡು ಬೆರಗಾದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಷಿಕಾಗೊದ ನಾರ್ತ್‌ವೆಸ್ಟರ್ನ್ ದಂತ ವಿದ್ಯಾಲಯದ ಡೀನ್ ಜಿ. ವಿ. ಬ್ಲ್ಯಾಕ್ ಅವರ ಸಹಾಯ ಕೇಳಿದರು. 1909ರಿಂದ ಇಬ್ಬರೂ ಕೂಡಿ ಶೋಧಿಸಿದರು. ಹಲ್ಲಿಗೆ ಕಲೆಯಿತ್ತು, ಆದರೆ ಹುಳುಕು ಕಡಿಮೆ! ಕಾರಣ ನೀರಿನಲ್ಲಿದ್ದ ಫ್ಲೋರೈಡ್ ಎಂದು ಖಚಿತವಾದದ್ದು 1931ರಲ್ಲಿ. ಅಷ್ಟರಲ್ಲಿ ಬ್ಲ್ಯಾಕ್ ತೀರಿಕೊಂಡಿದ್ದರು.

ಮುಂದೆ ಸರಕಾರದ ಸಾರ್ವಜನಿಕ ಆರೋಗ್ಯ ಸೇವೆಯ ಟ್ರೆಂಡ್ಲಿ ಡೀನ್ ನಮ್ಮ ಉಪನಗರಗಳಿಗೇ ಬಂದು 12ರಿಂದ 14 ವರ್ಷದ ಮಕ್ಕಳ ಹಲ್ಲುಗಳನ್ನು ಎಣಿಸಿದರು. 1942ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಪ್ರತಿ 100 ಮಕ್ಕಳಿಗೆ ಹುಳುಕಾದ, ಕಿತ್ತುಹೋದ, ತುಂಬಿಸಿದ ಹಲ್ಲುಗಳು ಎಲ್ಮ್‌ಹರ್ಸ್ಟ್‌ನಲ್ಲಿ 252, ಅರೋರಾದಲ್ಲಿ 281. ಈ ಊರುಗಳದು ಆಗ ಫ್ಲೋರೈಡ್ ಇದ್ದ ಬಾವಿ ನೀರು. ಮಿಷಿಗನ್ ಸರೋವರದ ನೀರು ಕುಡಿಯುತ್ತಿದ್ದ ಎವನ್‌ಸ್ಟನ್‌ನಲ್ಲಿ 673, ಓಕ್ ಪಾರ್ಕ್‌ನಲ್ಲಿ 722, ವಾಕೀಗನ್‌ನಲ್ಲಿ 810! ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಹುಳುಕು ತಗ್ಗುತ್ತದೆ, ಎದ್ದು ಕಾಣುವ ಕಲೆಯೂ ಬೀಳದು ಎಂಬುದು ಅವರ ತೀರ್ಮಾನ.

ಅದನ್ನು ಪರೀಕ್ಷಿಸಲು 1945ರ ಜನವರಿ 25ರಂದು ಮಿಷಿಗನ್ನಿನ ಗ್ರಾಂಡ್ ರ‍್ಯಾಪಿಡ್ಸ್ ತನ್ನ ನೀರಿಗೆ ಫ್ಲೋರೈಡ್ ಬೆರೆಸಿತು. ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಹೋಲಿಕೆಗೆಂದು ಬೆರೆಸದೆ ಬಿಟ್ಟಿದ್ದ ಮಸ್ಕೀಗನ್ 1951ರಲ್ಲಿ ತಾನೂ ಬೆರೆಸತೊಡಗಿತು. ಆ ಬಳಿಕ ಗ್ರಾಂಡ್ ರ‍್ಯಾಪಿಡ್ಸ್‌ನಲ್ಲಿ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ. 60ಕ್ಕೂ ಹೆಚ್ಚು ಇಳಿಯಿತು. ಎವನ್‌ಸ್ಟನ್ 1947ರಲ್ಲಿ, ಷಿಕಾಗೊ 1956ರಲ್ಲಿ, ಡೆಟ್ರಾಯಿಟ್ 1967ರಲ್ಲಿ ಅದೇ ದಾರಿ ಹಿಡಿದವು.

ಇಲ್ಲಿ ಬೆರೆಸುವ ವಸ್ತುವೇ ನಮ್ಮ ತವರಿನಲ್ಲಿ ಶಾಪವಾಗಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿ ಮೀರಿದೆ. ಹಲ್ಲು ಕಂದುಗಟ್ಟುವುದಷ್ಟೇ ಅಲ್ಲ, ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲುಗಳೂ ಬಿಗಿಯುತ್ತವೆ. ಅಲ್ಲಿಂದ ನಮ್ಮನ್ನು ನೋಡಲು ಬರುವ ಹಿರಿಯರ ಹಲ್ಲಿನ ಬಣ್ಣ ಕಂಡು ಅವರು ಹಲ್ಲುಜ್ಜುವುದಿಲ್ಲವೆಂದು ಯಾರೂ ತಿಳಿಯಬಾರದು. ಅದು ನೀರಿನ ತಪ್ಪು, ಅವರದಲ್ಲ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಪ್ರಮಾಣದ ವಾದ ಇಂದಿಗೂ ಮುಗಿದಿಲ್ಲ. 2015ರಲ್ಲಿ ಅಮೆರಿಕ ತನ್ನ ಶಿಫಾರಸನ್ನು ಲೀಟರಿಗೆ 0.7 ಮಿಲಿಗ್ರಾಂಗೆ ಇಳಿಸಿತು. ಫ್ಲೋರೈಡ್ ಪೇಸ್ಟ್ ಮನೆಮನೆಗೆ ಬಂದ ಮೇಲೆ ನೀರಿನಿಂದಾಗುವ ಲಾಭ ಮೊದಲಿನಷ್ಟಿಲ್ಲವೆಂದು 2024ರ ಕಾಕ್ರೇನ್ ವಿಮರ್ಶೆ ಹೇಳಿತು. 2025ರಲ್ಲಿ ಯೂಟಾ, ಫ್ಲೋರಿಡಾ ರಾಜ್ಯಗಳು ಬೆರೆಸುವುದನ್ನೇ ನಿಷೇಧಿಸಿದವು.

ಆದ್ದರಿಂದ ನೀರಿನ ಮೇಲೆ ಮಾತ್ರ ಭಾರ ಹಾಕಿ ನಾವು ಕೂರುವಂತಿಲ್ಲ. ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ ಎಂದು ನಾವೂ ಉದಾಸೀನ ಮಾಡಿದವರೇ. ಮಗು ಹಾಲಿನ ಬಾಟಲಿ ಕಚ್ಚಿಕೊಂಡು ನಿದ್ದೆಹೋದರೆ ಪುಣ್ಯ ಎಂದುಕೊಂಡವರೇ. ಆ ಹಾಲಿನ ಸಕ್ಕರೆ ರಾತ್ರಿಯಿಡೀ ಹಲ್ಲಿಗಂಟಿರುತ್ತದೆ. ಹಾಲುಹಲ್ಲು ಹುಳುಕಾದರೆ ಮಗುವಿಗೆ ನೋವು; ಅವಧಿಗೆ ಮುಂಚೆ ಕಿತ್ತರೆ ಮುಂದೆ ಬರುವ ಹಲ್ಲೂ ಸೊಟ್ಟ. ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟಿನಿಂದ ಉಜ್ಜಿಸೋಣ: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಮೊದಲ ಹುಟ್ಟುಹಬ್ಬದೊಳಗೆ ದಂತವೈದ್ಯರಿಗೆ ತೋರಿಸೋಣ. ಹಬ್ಬದೂಟದ ಮೈಸೂರುಪಾಕನ್ನು ಊಟದ ಜೊತೆಯಲ್ಲೇ ತಿಂದು ಮುಗಿಸೋಣ, ದಿನವಿಡೀ ಮೆಲ್ಲುವುದು ಬೇಡ.

ಈ ಊರುಗಳ ಮಕ್ಕಳು ಬಾಯಿ ತೆರೆದು ಕುಳಿತು ಜಗತ್ತಿಗೆ ಒಂದು ಪಾಠ ಕಲಿಸಿದರು. ಅದೇ ಊರುಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕಡಲೆಯೂ ಇರಲಿ, ಹಲ್ಲೂ ಇರಲಿ.